ಹೆಣ್ಣು ಹೊಲವಲ್ಲ

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಮನುಷ್ಯ ಹುಟ್ಟುವ ಬಗೆ ಹೇಳುವ ಪಾಠ ಇದೆ. ಆ ಪಾಠ ಬಂದ ದಿನ 'ಮನೇಲಿ ಓದ್ಕಳ್ರಿ' ಅಂತ ಪುಟ ಮಗುಚುವ ಮೇಷ್ಟ್ರುಗಳು ನಿಮಗೆಲ್ಲ ಗೊತ್ತು. ಮನೆಯಲ್ಲಿ ಯಾರು ಹೇಳಬೇಕು? ಅವ್ವ ಸೇಂಗಾ ಕೀಳೋಕೆ ಹೋಗಿದ್ದಾಳೆ, ಅಪ್ಪ ಗುಳೆ ಹೋಗಿದ್ದಾನೆ. ಹಾಗಾಗಿ ನಮ್ಮ ಹುಡುಗರಿಗೆ ಪಾಠ ಹೇಳೋದು ಬಸ್‌ಸ್ಟ್ಯಾಂಡಿನ ಗೋಡೆ. 'ಗುಪ್ತರೋಗ, ಧಾತುನಷ್ಟ' ಅಂತ ಬರೆದು ಹೆದರಿಸುವ ಗೋಡೆ. ನಮ್ಮ ಹುಡುಗಿಯರಿಗೆ ಪಾಠ ಹೇಳೋದು 'ಮುಟ್ಟಾಗಿದೀಯ, ದೂರ ಕೂತ್ಕೋ' ಅನ್ನೋ ಮಾತು. ಮುಟ್ಟಬೇಡ ಅನ್ನುವ ಮಾತು ನಮಗೆ ಹೊಸದಲ್ಲ. ಊರು ನಮಗೆ ಹೇಳಿದ್ದನ್ನು ನಾವು ನಮ್ಮ ಅಕ್ಕತಂಗಿಯರಿಗೆ ಹೇಳುತ್ತಿದ್ದೇವೆ.

ಈ ಮೌನಕ್ಕೆ ಮರ್ಯಾದೆ ಅಂತ ಹೆಸರಿಟ್ಟಿದ್ದಾರೆ. ಅದು ಮರ್ಯಾದೆಯಲ್ಲ, ಯಜಮಾನಿಕೆ.

ಹೆಣ್ಣು ಹೊಲ, ಗಂಡು ಬೀಜ ಅಂತ ಬರೆದವನು ಮನು. ಅವನ ಒಂಬತ್ತನೇ ಅಧ್ಯಾಯದಲ್ಲಿದೆ. ಹೊಲಕ್ಕಿಂತ ಬೀಜವೇ ಹೆಚ್ಚು ಅಂತಲೂ ಇದೆ. ಇದು ಹಸೀ ಸುಳ್ಳು. 1827ರಲ್ಲಿ ಕಾರ್ಲ್ ಫಾನ್ ಬೇಯರ್ ಎಂಬ ವಿಜ್ಞಾನಿ ನಾಯಿಯ ಅಂಡಾಶಯದಲ್ಲಿ ಅಂಡಾಣುವನ್ನು ಕಣ್ಣಾರೆ ಕಂಡ. ಹೆಣ್ಣಿನಲ್ಲೂ ಬೀಜ ಇದೆ! ಮಗುವಿಗೆ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳು. ಪಾಲು ಸಮಸಮ. ಇನ್ನೂ ಒಂದು ಮಾತು ಕೇಳಿ. ಮಗು ಗಂಡೋ ಹೆಣ್ಣೋ ಅಂತ ತೀರ್ಮಾನವಾಗುವುದು ತಂದೆಯ ವೀರ್ಯಾಣುವಿನಿಂದ. ಬರೀ ಹೆಣ್ಣು ಹೆತ್ತಳು ಅಂತ ಸೊಸೆಯನ್ನು ತವರಿಗೆ ಅಟ್ಟುವವರು ಮೊದಲು ತಮ್ಮ ಮಗನನ್ನು ಕೇಳಲಿ.

ಬೇಯರ್ ಅಂಡಾಣು ಕಂಡ ನೂರು ವರ್ಷಕ್ಕೆ, 1927ರ ಡಿಸೆಂಬರ್ 25ರಂದು, ಬಾಬಾಸಾಹೇಬರು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಪುಸ್ತಕ ಸುಟ್ಟಿತು. ಆ ಮಾತು ಇನ್ನೂ ನಮ್ಮ ಹಟ್ಟಿಗಳಲ್ಲೇ ಉಳಿದಿದೆ.

ಒಂದು ಗೇಣು ಹೊಲ ಇಲ್ಲದ ನಮ್ಮ ಕೇರಿಯ ಹೆಣ್ಣನ್ನೇ ಹೊಲ ಮಾಡಿದವರನ್ನು ನಮ್ಮ ಸೀಮೆ ನೋಡಿದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಕೇರಿಗಳಲ್ಲಿ ಎಳೇ ಹುಡುಗಿಯರಿಗೆ ಮುತ್ತು ಕಟ್ಟಿದರು. ಉಚ್ಚಂಗಿದುರ್ಗದ ಭರತ ಹುಣ್ಣಿಮೆಯ ಜಾತ್ರೆ ಇದಕ್ಕೇ ಹೆಸರಾಗಿತ್ತು. ದೇವರ ಹೆಸರು ಹೇಳಿ ಕಟ್ಟಿದ ಮುತ್ತು, ರಾತ್ರಿ ಬರುವವನು ಊರಿನವನು. ಬಸಿರು ಅವಳದು, ಹೆರಿಗೆ ಅವಳದು, ಕೂಸು ಅವಳದು. ಬೀಜವೇ ದೊಡ್ಡದು ಅಂದವರು ಇಲ್ಲಿ ಮಾತ್ರ ಬೀಜದ ಲೆಕ್ಕ ಕೇಳಲಿಲ್ಲ! 1982ರಲ್ಲಿ ಕರ್ನಾಟಕ ಇದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಮುತ್ತನ್ನು ಬಿಚ್ಚಬಹುದು. ಹೆಣ್ಣಿನ ಒಡಲು ಗಂಡಿನ ಆಸ್ತಿ ಅನ್ನೋ ಗಂಟನ್ನು ಯಾರು ಬಿಚ್ಚಬೇಕು?

ಈಗ ಕತ್ತರಿಯ ಲೆಕ್ಕ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಸಂತಾನಹರಣ ಆಪರೇಷನ್ ಆಗಿದೆ. ಗಂಡಸರದು? ಇಡೀ ದೇಶದಲ್ಲಿ ಸಾವಿರ ಜೋಡಿಗೆ ಮೂರು.

ಹೀಗೇಕಾಯಿತು? ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಗುರಿ ಮುಟ್ಟಿಸಲು ಬಡವರನ್ನು ಹಿಡಿದು ತಂದರು. 1977ರಲ್ಲಿ ಸರ್ಕಾರವೇ ಬಿತ್ತು. ಅಲ್ಲಿಂದ ಮುಂದೆ ಸರ್ಕಾರಗಳು ಗಂಡಸನ್ನು ಮುಟ್ಟಲು ಹೆದರಿದವು, ಗುರಿಯನ್ನು ಹೆಂಗಸಿನ ಕಡೆ ತಿರುಗಿಸಿದವು. ಅವಳು ಬೀಳಿಸಲಾರಳು ಅಂತ ಅವರಿಗೆ ಗೊತ್ತಿತ್ತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಹತ್ತಿರ ಒಬ್ಬ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಅಲ್ಲಿಯ ಶಿಬಿರಗಳಲ್ಲಿ ಆಪರೇಷನ್ ಆದ 13 ಮಂದಿ ಸತ್ತರು. ಎಲ್ಲರೂ ಬಡವರ ಮನೆಯ ಹೆಂಗಸರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ನಿಲ್ಲಿಸಿ ಅಂತ ಹೇಳಬೇಕಾಯಿತು.

ನಮ್ಮಲ್ಲೇ ಕೆಲವರು ಕೇಳುತ್ತಾರೆ: ಹಾಗಾದರೆ ಇದೆಲ್ಲ ನಮ್ಮ ಸಂಖ್ಯೆ ಇಳಿಸುವ ಸಂಚಲ್ಲವೇ, ನಾವೇಕೆ ಒಪ್ಪಬೇಕು? ಗೆಳೆಯರೇ, ಎರಡನ್ನು ಬೇರೆ ಮಾಡಿ ನೋಡಿ. ನಿನಗೆ ಎಷ್ಟು ಮಕ್ಕಳು ಅಂತ ಸರ್ಕಾರ ಹೇಳಿದರೆ ಅದು ದಬ್ಬಾಳಿಕೆ. ನನಗೆ ಎಷ್ಟು, ಯಾವಾಗ ಅಂತ ಹೆಣ್ಣೇ ಹೇಳಿದರೆ ಅದು ಸ್ವಾತಂತ್ರ್ಯ. ಈ ಸ್ವಾತಂತ್ರ್ಯ ಬೇಕು ಅಂದವರು ನಮ್ಮವರೇ. 1938ರ ನವೆಂಬರಿನಲ್ಲಿ ಬಾಬಾಸಾಹೇಬರ ಪಕ್ಷ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಠರಾವು ಮಂಡಿಸಿತು. ಸಭೆ ಅದನ್ನು ಸೋಲಿಸಿತು. ಅದಕ್ಕೂ ಮುಂಚೆ, 1934ರಲ್ಲಿ, ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದಕ್ಕೆ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ರ. ಧೋ. ಕರ್ವೆಯವರ ಮೇಲೆ ಅಶ್ಲೀಲದ ಕೇಸು ಬಿದ್ದಾಗ ಅವರ ವಕೀಲರಾಗಿ ನಿಂತವರು ಬಾಬಾಸಾಹೇಬರು. ಇನ್ನು ನಮ್ಮ ನಾಡು: 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಆಗ ನಮ್ಮ ತಾಲ್ಲೂಕುಗಳು ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಬಾಗಿಲು ನಮ್ಮ ಅಜ್ಜಿಯರಿಗೆ ತೆರೆಯಲಿಲ್ಲ.

'ಕೇರಿಯವರು ಹೆತ್ತು ಹೆತ್ತು ದೇಶ ಹಾಳು' ಅನ್ನುವವರಿಗೂ ಉತ್ತರ ಇದೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಎರಡೂ ಇಲ್ಲ! ದೇಶ ಹಾಳಾದದ್ದು ತೊಟ್ಟಿಲಿನಿಂದ ಅಲ್ಲ, ಹೊಲ ಹಂಚದೇ ಇದ್ದುದರಿಂದ.

ಈಗ ಗಂಡುಹುಡುಗರು ಹತ್ತಿರ ಬರ್ರಿ. 'ಆಪರೇಷನ್ ಮಾಡಿಸ್ಕಂಡ್ರೆ ನಡ ಬೀಳ್ತೈತಿ, ಗಂಡಸ್ತನ ಹೋಗ್ತೈತಿ' ಅಂತಾರಲ್ಲ, ಅದು ಸುಳ್ಳು. ಕತ್ತರಿಸುವುದು ವೀರ್ಯಾಣು ಸಾಗುವ ಸಣ್ಣ ನಾಳವನ್ನು ಮಾತ್ರ. ಗಂಡಸ್ತನದ ರಸ ನೇರ ರಕ್ತಕ್ಕೆ ಸೇರುತ್ತದೆ, ಆ ನಾಳದಿಂದಲ್ಲ. ಹೊಟ್ಟೆ ಕೊಯ್ಯುವಂತಿಲ್ಲ, ಅವತ್ತೇ ಮನೆಗೆ ನಡೆದು ಬರಬಹುದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರಾಯಿತು. ಹೆಂಗಸಿನದು ಹೊಟ್ಟೆಯೊಳಗಿನ ಆಪರೇಷನ್. ಅದಾದ ಮೇಲೆ ಅವಳು ಮತ್ತೆ ಹೊರೆ ಹೊರಬೇಕು. ಸುಲಭದ್ದು ಗಂಡಸಿನದು, ಮಾಡಿಸಿಕೊಳ್ಳುವವಳು ಹೆಂಗಸು. ಇದು ಯಾವ ನ್ಯಾಯ?

ಮಕ್ಕಳು ಮುಂದಕ್ಕೆ ಬೇಕು ಅನ್ನುವವರಿಗೆ ದಾರಿಗಳಿವೆ. ನಿರೋಧ್, ಮಾಲಾ-ಎನ್ ಗುಳಿಗೆ, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವಂಥವು. ಇವುಗಳಲ್ಲಿ ರೋಗವನ್ನೂ ತಡೆಯುವುದು ನಿರೋಧ್ ಒಂದೇ. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಆದರೆ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು. ಆದ್ದರಿಂದ ದಿನ ಎಣಿಸಿ ನಂಬಿ ಕೂರಬೇಡಿ. ಬೇಡದ ಬಸಿರನ್ನು ಕಾನೂನಿನ ಮಿತಿಯೊಳಗೆ ವೈದ್ಯರಿಂದ ತೆಗೆಸುವ ಹಕ್ಕು 1971ರ ಕಾಯ್ದೆಯಿಂದ ಬಂದದ್ದು. ಮದುವೆಯಾಗದವಳಿಗೂ ಆ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾಟಿ ಮದ್ದು ಕುಡಿದು ಯಾವ ಹುಡುಗಿಯೂ ಸಾಯಬೇಕಿಲ್ಲ.

ಎಲ್ಲಕ್ಕಿಂತ ಮೊದಲ ಪಾಠ ಒಪ್ಪಿಗೆ. ಅವಳು 'ಬ್ಯಾಡ' ಅಂದರೆ ಬೇಡ. ಮದುವೆಯಾಗಿದ್ದರೂ ಬೇಡ. ಗೌಡನ ಮುಂದೆ ಎದೆಯೆತ್ತಿ ನಿಂತು, ಮನೆಗೆ ಬಂದು ಹೆಂಡತಿಯ ಮುಂದೆ ಗೌಡನಾಗುವವನು ನಮ್ಮ ಚಳವಳಿಯವನಲ್ಲ.

ನಾವು ಕೇಳುವುದು ಇಷ್ಟೇ. ಬಿಟ್ಟ ಪಾಠವನ್ನು ಕ್ಲಾಸಿನಲ್ಲೇ ಮಾಡಿ. ಪ್ರತಿ ಹಾಸ್ಟೆಲಿಗೂ ವೈದ್ಯರನ್ನು ಕಳಿಸಿ, ಹುಡುಗರಿಗೂ ಹುಡುಗಿಯರಿಗೂ ಬಾಯಿಬಿಟ್ಟು ಹೇಳಿಸಿ. ಆಪರೇಷನ್ ವಿಷಯ ಬಂದಾಗ ಆಸ್ಪತ್ರೆಯವರು ಮೊದಲು ಗಂಡನನ್ನು ಕರೆದು ಕೇಳಲಿ.

ಇದನ್ನು ಓದಿ ಹಾಸಿಗೆ ಕೆಳಗೆ ಬಚ್ಚಿಡಬೇಡಿ. ರೂಮಿನಲ್ಲಿ ಗಟ್ಟಿಯಾಗಿ ಓದಿ. ಊರಿಗೆ ಹೋದಾಗ ಅವ್ವನಿಗೂ ಓದಿ ಹೇಳಿ.

ಜೈ ಭೀಮ್.