ಐದು ದಿನಗಳ ಮಾತು



ಸವದತ್ತಿ ತಾಲ್ಲೂಕಿನ ಉಗರಗೋಳವು ಎಲ್ಲಮ್ಮನ ಗುಡ್ಡದ ಸೆರಗಿನಲ್ಲಿರುವ ಊರು. ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಇಲ್ಲಿಯ ದಾರಿಗಳು ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಿಂದ ತುಂಬಿರುತ್ತವೆ. ಗುಡ್ಡಕ್ಕೆ ಹೋಗುವ ನೆಂಟರು, ಬೀಗರು ಮನೆಯಲ್ಲಿ ಇಳಿದುಕೊಂಡೇ ಮುಂದೆ ಸಾಗುವುದು ವಾಡಿಕೆ. ಬಂದವರಿಗೆ ರೊಟ್ಟಿ ಬಡಿಸದೆ ಕಳುಹಿಸುವುದು ಈ ಭಾಗದವರಿಗೆ ಗೊತ್ತಿಲ್ಲ. 2025ರ ಭಾರತ ಹುಣ್ಣಿಮೆಯ ಮರುದಿನ ಕಾರ್ಯನಿಮಿತ್ತವಾಗಿ ಆ ಊರಿಗೆ ಹೋಗಿದ್ದ ನಾವು ಪರಿಚಿತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಆ ಮನೆಯ ಹಿರಿಯ ಮಗ ಸರಕಾರಿ ನೌಕರ. ಆತ ಗೋಡೆಯ ಮೇಲಿನ ದಿನದರ್ಶಿಕೆಯಲ್ಲಿ ಎರಡು ದಿನಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ.

"ಇದೇನಪ್ಪಾ?" ಎಂದು ಕೇಳಿದೆವು.

"ರಜಾದ ಲೆಕ್ಕಾರಿ ಶಾಸ್ತ್ರಿಗಳ. ಹತ್ತರಾಗ ಎರಡು ಹೋದವು. ಇನ್ನ ಎಂಟರಾಗ ವರ್ಷಾ ದೂಡಬೇಕು. ಅವ್ವನ ಕಣ್ಣಿನ ಆಪರೇಶನ್ ಬ್ಯಾರೆ ಐತಿ."

ಮಾತು ಚಿಕ್ಕದು. ಆದರೆ ಅದರ ಹಿಂದಿನ ಬೇಸರವು ಚಿಕ್ಕದಾಗಿರಲಿಲ್ಲ. ನೌಕರಿಯಲ್ಲಿರುವ ಮಕ್ಕಳುಳ್ಳ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿಬರುತ್ತಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಸಂಗತಿ ಹೀಗಿದೆ. ರಾಜ್ಯ ಸರಕಾರದ ಕಚೇರಿಗಳಿಗೆ ಮೊದಲು ತಿಂಗಳ ಎರಡನೆಯ ಶನಿವಾರ ಮಾತ್ರ ಬಿಡುವಿತ್ತು. ಆರನೆಯ ರಾಜ್ಯ ವೇತನ ಆಯೋಗದ ವರದಿಯ ಹಿನ್ನೆಲೆಯಲ್ಲಿ 2019ರ ಜೂನ್ ತಿಂಗಳಲ್ಲಿ, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ, ನಾಲ್ಕನೆಯ ಶನಿವಾರವನ್ನೂ ರಜೆಯೆಂದು ಸಾರಲಾಯಿತು. ಅದರೊಡನೆಯೇ ವರ್ಷಕ್ಕೆ 15 ದಿನಗಳಿದ್ದ ಸಾಂದರ್ಭಿಕ ರಜೆಯನ್ನು 10 ದಿನಗಳಿಗೆ ಇಳಿಸಲಾಯಿತು. ವರ್ಷಕ್ಕೆ 12 ಶನಿವಾರಗಳು ಬಂದವು, 5 ದಿನಗಳು ಹೋದವು. ಕೂಡಿಸಿ ಕಳೆದರೆ ನೌಕರನಿಗೆ 7 ದಿನಗಳ ಲಾಭ. ಹಾಗಿದ್ದರೆ ಬೇಸರವೇಕೆ? ಹೊರಗಿನವರು ಕೇಳುವ ಪ್ರಶ್ನೆ ಇದು. ನಾವೂ ಅಂದು ಇದನ್ನೇ ಕೇಳಿದೆವು.

ಆ ತರುಣನು ಉತ್ತರವಾಗಿ ಹಳೆಯ ದಿನದರ್ಶಿಕೆಯೊಂದನ್ನು ತೆಗೆದು ತೋರಿಸಿದ. 2024ರಲ್ಲಿ ಭಾರತ ಹುಣ್ಣಿಮೆಯು ಫೆಬ್ರುವರಿ 24ರಂದು ಬಂದಿತ್ತು. ಅದು ನಾಲ್ಕನೆಯ ಶನಿವಾರವೇ ಆಗಿತ್ತು. ಆ ವರ್ಷ ಆತನು ಯಾರನ್ನೂ ಬೇಡದೆ ಮನೆಯಲ್ಲಿದ್ದು ನೆಂಟರನ್ನು ಸತ್ಕರಿಸಿದ. 2025ರಲ್ಲಿ ಅದೇ ಹುಣ್ಣಿಮೆಯು ಫೆಬ್ರುವರಿ 12ರ ಬುಧವಾರ ಬಂದಿತು. "ಹುಣ್ಣಿವಿ ಶನಿವಾರ ನೋಡಿ ಬರೂದಿಲ್ರಿ. ಅವ್ವನ ಜ್ವರಾನೂ ಬರೂದಿಲ್ರಿ" ಎಂದ.

ಈ ಮಾತಿನಲ್ಲಿ ತಥ್ಯವಿದೆ. ಶನಿವಾರದ ಬಿಡುವು ದಣಿದ ದೇಹಕ್ಕೆ ವಿಶ್ರಾಂತಿ ಕೊಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸಾಂದರ್ಭಿಕ ರಜೆಯು ಹೆಸರೇ ಹೇಳುವಂತೆ ಸಂದರ್ಭ ಒದಗಿದಾಗ ಕೈಗೆ ಬರಬೇಕಾದ ದಿನ. ಮಗುವಿಗೆ ಕಾಯಿಲೆಯಾದಾಗ, ಹತ್ತಿರದವರು ಲಿಂಗೈಕ್ಯರಾದಾಗ, ಹೊಲದ ಮೋಜಣಿಗೆ ಭೂಮಾಪಕರು ಬಂದಾಗ ಅದು ಬೇಕು. ಗಳಿಕೆ ರಜೆಯೆಂಬುದು ಬೇರೆ ಇದೆಯಾದರೂ ಅದಕ್ಕೆ ಮುಂಚಿತವಾಗಿ ಅರ್ಜಿ ಕೊಟ್ಟು ಮಂಜೂರಾತಿಗೆ ಕಾಯಬೇಕು. ಆದುದರಿಂದ ಒಂದು ಬಗೆಯ ದಿನವನ್ನು ತೆಗೆದು ಇನ್ನೊಂದು ಬಗೆಯ ದಿನವನ್ನು ಕೊಟ್ಟಾಗ ಸಂಖ್ಯೆ ಸರಿದೂಗಿದರೂ ಬಾಳು ಸರಿದೂಗುವುದಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ಇದೇ ಉಗರಗೋಳದ ರೈತನೊಬ್ಬ ಕೂಲಿ ಬಿಟ್ಟು ಪಹಣಿಗಾಗಿ ಸವದತ್ತಿಗೆ ಹೋಗಿ, ನಾಲ್ಕನೆಯ ಶನಿವಾರವೆಂದು ತಿಳಿಯದೆ ಮುಚ್ಚಿದ ಬಾಗಿಲನ್ನು ನೋಡಿ ಮರಳಿದರೆ ಅವನ ಬೇಸರವೂ ಬೇಸರವೇ. ಅವನಿಗೆ ಸಂಬಳದ ರಜೆ ಎಂಬುದೇ ಇಲ್ಲ. ಕಚೇರಿಗಳ ರಜೆಗಳು ಹೆಚ್ಚಾದವೆಂದು ಜನರು ಆಡಿಕೊಳ್ಳುವುದು ಸುಳ್ಳಲ್ಲ. ಸರಕಾರವು ಎರಡೂ ಕಡೆಯನ್ನು ತೂಗಬೇಕಾಗುತ್ತದೆ ಎಂಬುದನ್ನು ನೌಕರರು ಮರೆಯಬಾರದು.

ಖಾಸಗಿ ಕಾರ್ಖಾನೆಗಳಲ್ಲಿ, ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಪಾಡು ಮತ್ತೊಂದು ರೀತಿಯದು. ಅಲ್ಲಿ ಮೇಲಿನವರು ಬದಲಾದಂತೆ ರಜೆಯ ನಿಯಮವೂ ಬದಲಾಗುತ್ತದೆ. ಉಳಿಸಿಟ್ಟ ರಜೆ ವರ್ಷಾಂತ್ಯಕ್ಕೆ ಇಲ್ಲವಾಯಿತೆಂದು ಅಳಲುವವರನ್ನು ನಾವು ಕಂಡಿದ್ದೇವೆ. ಅಂಥವರು ಕೆಲವು ಸಂಗತಿಗಳನ್ನು ತಿಳಿದಿರಬೇಕು. 1948ರ ಕಾರ್ಖಾನೆಗಳ ಕಾಯ್ದೆಯು ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆಯನ್ನು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ 240 ದಿನಗಳು 180ಕ್ಕೆ ಇಳಿದಿವೆ. ಅಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ರಜೆಯ ಹಕ್ಕು ಮೊದಲಿಗಿಂತ ಬೇಗ ಒದಗುತ್ತದೆ.

ಇದಕ್ಕಿಂತ ಮುಖ್ಯವಾದುದು ಇನ್ನೊಂದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಕಾರ್ಮಿಕರ ಸಂಬಳಸಹಿತ ರಜೆಯ ನಿಯಮವನ್ನು ಬದಲಿಸುವ ಮಾಲೀಕನು 21 ದಿನ ಮುಂಚಿತವಾಗಿ ಅವರಿಗೆ ಸೂಚನೆ ಕೊಡಬೇಕೆಂದು ಹೇಳಿತ್ತು. ಅದರ ಸ್ಥಾನದಲ್ಲಿ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಆ ಇಪ್ಪತ್ತೊಂದು ದಿನಗಳ ಅರ್ಥವೇನು? ದುಡಿಯುವವನ ದಿನಗಳನ್ನು ಮುಟ್ಟುವ ಮೊದಲು ಅವನಿಗೆ ತಿಳಿಸಬೇಕು, ಅವನ ಮಾತಿಗೆ ಅವಕಾಶ ಕೊಡಬೇಕು ಎಂಬುದೇ ಅದರ ಅರ್ಥವೆಂದು ನಾವು ತಿಳಿಯುತ್ತೇವೆ.

ಆಯ್ದಕ್ಕಿ ಮಾರಯ್ಯ ಶರಣರ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಗೆ ಲಕ್ಕಮ್ಮ ತಾಯಿಯು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಅಳತೆಯು ಎರಡೂ ಕಡೆಗೆ ಸಲ್ಲುತ್ತದೆ. ಸುಳ್ಳು ಜ್ವರದ ಚೀಟಿ ಕೊಟ್ಟು ಮನೆಯಲ್ಲಿ ಕುಳಿತ ನೌಕರನು ತನ್ನದಲ್ಲದ ಅಕ್ಕಿಯನ್ನು ತಂದವನು. ದುಡಿದವನ ಪಾಲಿನ ದಿನವನ್ನು ಮಾತಿಲ್ಲದೆ ಕಡಿಮೆ ಅಳೆದ ಒಡೆಯನೂ ಅದೇ ತಪ್ಪಿನ ಪಾಲುದಾರನು. ಕಾಯಕವೆಂದರೆ ಬಿಡುವಿಲ್ಲದ ದುಡಿತವೆಂದು ಉಪದೇಶಿಸುವವರುಂಟು. ಕಾಯಕದ ಜೊತೆಗೆ ದಾಸೋಹವೂ ಇದೆ ಎಂಬುದನ್ನು ಅವರು ನೆನೆಯಬೇಕು. ಬಂದವರಿಗೆ ಬಡಿಸಲು, ಹೆತ್ತವರ ಬಳಿ ಕೂಡಲು ಮನುಷ್ಯನಿಗೆ ದಿನಗಳು ಬೇಕು.

ನಾವು ಹೊರಡುವ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಇನ್ನೂ ಕೇಳುತ್ತಿತ್ತು. ಮೂರು ದಿನಗಳಿಂದ ಆ ಮನೆಯ ಸೊಸೆ ಒಲೆಯ ಮುಂದಿನಿಂದ ಎದ್ದಿರಲಿಲ್ಲವಂತೆ. "ನಿನ್ನ ಎಂಟು ದಿನಗಳಲ್ಲಿ ಒಂದನ್ನು ಆ ಮಗಳ ಹೆಸರಿಗೆ ಬರೆಯಪ್ಪಾ. ಅಂದು ಒಲೆಯ ಕೆಲಸ ನಿನ್ನದಾಗಲಿ" ಎಂದೆವು. ಆತನು ನಕ್ಕ. ಒಳಗಿದ್ದ ತಾಯಿ ಮಾತ್ರ ನಗಲಿಲ್ಲ. "ಖರೇ ಐತ್ರಿ" ಎಂದರು.

ಮೇಲಿನವರು ನಮ್ಮನ್ನು ಕೇಳದೆ ನಮ್ಮ ದಿನಗಳನ್ನು ಅಳೆದರೆಂದು ನೋಯುವ ನಾವು, ನಮ್ಮ ಮನೆಯಲ್ಲಿ ಯಾರ ದಿನಗಳನ್ನು ಕೇಳದೆ ಅಳೆಯುತ್ತಿದ್ದೇವೆ ಎಂಬುದನ್ನು ಓದುಗರು ಈ ತಿಂಗಳು ಒಮ್ಮೆ ವಿಚಾರಿಸಬೇಕೆಂದು ಕೋರುತ್ತೇವೆ.