ಸೋತವರು ಉಳಿದರು, ಗೆದ್ದವರು ಹೊರಟರು

2023ರ ಮಾರ್ಚ್ 18, ಬೆಳಗಿನ ಜಾವ. ನಾವಾಗ ಫಸ್ಟ್ ಇಯರ್. ಹಾಸ್ಟೆಲ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪು, ಎರಡು ಕಂಬಳಿ, ಐದು ಜನ. ಅಮೆರಿಕದಲ್ಲಿ ಅದು ಹಿಂದಿನ ದಿನದ ಸಂಜೆ. ಪರ್ಡ್ಯೂ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಟೀಮು, ಅವತ್ತಿನವರೆಗೆ ನಾವು ಹೆಸರೂ ಕೇಳಿರದ ಫೇರ್ಲಿ ಡಿಕಿನ್ಸನ್ ಎದುರು ಆಡ್ತಿತ್ತು. ಪರ್ಡ್ಯೂ ಕಡೆ 7 ಅಡಿ 4 ಅಂಗುಲದ ಜ್ಯಾಕ್ ಎಡೀ. ಎದುರಿಗೆ, ಡಿವಿಷನ್ ಒಂದರ ಅಷ್ಟೂ ಟೀಮುಗಳಲ್ಲಿ ಸರಾಸರಿ ಎತ್ತರ ಅತಿ ಕಡಿಮೆ ಇದ್ದ ಟೀಮು. ಹದಿನೈದು ನಿಮಿಷ ನೋಡಿ ಮಲಗೋಣ ಅಂತ ಕೂತಿದ್ವಿ. ಪಂದ್ಯ ಮುಗಿದಾಗ ಸ್ಕೋರು 63–58. ಗೆದ್ದಿದ್ದು ಕುಳ್ಳರು.

ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಮೊದಲ ಮೆಸೇಜು: "ಆ ಕೋಚನ್ನ ಮೊದ್ಲು ಮನೆಗೆ ಕಳಿಸ್ರೋ." ಅದಕ್ಕೆ ನಾಲ್ಕು ಥಂಬ್ಸಪ್. ಒಬ್ಬ ಹಾಕಿದ್ದು, ಉಳಿದ ನಾಲ್ವರು ಒಪ್ಪಿದ್ದು. ಅಂದರೆ ಎಲ್ಲರೂ ನಾವೇ. ಆ ಮೆಸೇಜನ್ನ ವಾಪಸ್ ತಗೊಳ್ಳೋಕೆ ಈ ಲೇಖನ.

ಪರ್ಡ್ಯೂನೇ ಯಾಕೆ ಅಂತ ಕೇಳ್ತೀರಿ. ಎಂ.ಎಸ್. ಮಾಡೋಕೆ ಅಲ್ಲಿಗೆ ಹೋದ ಸೀನಿಯರ್ ಒಬ್ಬರು ಹಚ್ಚಿದ ಹುಚ್ಚು ಇದು. ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್ ಅನ್ನೋ ಊರು. ನೀಲ್ ಆರ್ಮ್‌ಸ್ಟ್ರಾಂಗ್ ಏರೋನಾಟಿಕಲ್ ಎಂಜಿನಿಯರಿಂಗ್ ಓದಿದ ಜಾಗ. ಟೀಮಿನ ಹೆಸರು ಬಾಯ್ಲರ್‌ಮೇಕರ್ಸ್, ಅಂದರೆ ಬಾಯ್ಲರ್ ಮಾಡುವವರು. ಲಾಂಛನ ಹುಲಿಯಲ್ಲ, ಸಿಂಹ ಅಲ್ಲ, ರೈಲು ಎಂಜಿನ್ನು. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಬೇರೆ ಟೀಮಿಗೆ ಕೂಗೋಕೆ ಮನಸ್ಸು ಬರೋದು ಸಾಧ್ಯವೇ ಇರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾರ್ಚ್‌ನಲ್ಲಿ ನಡೆಯೋ ಈ ಕಾಲೇಜು ಟೂರ್ನಿಗೆ 68 ಟೀಮು ಬರುತ್ತವೆ. ನಾಲ್ಕು ಭಾಗ, ಪ್ರತಿ ಭಾಗದಲ್ಲೂ 1ರಿಂದ 16ರವರೆಗೆ ಸೀಡು. ಒಂದು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ಮೊದಲ ಸುತ್ತಿನಲ್ಲಿ 1ನೇ ಸೀಡು 16ನೇ ಸೀಡಿನ ಎದುರು ಆಡುತ್ತೆ. ಪುರುಷರ ಟೂರ್ನಿಯಲ್ಲಿ 2018ರವರೆಗೆ ಇಂಥ 135 ಪಂದ್ಯ ನಡೆದು, 135ರಲ್ಲೂ 1ನೇ ಸೀಡೇ ಗೆದ್ದಿತ್ತು. ಆ ವರ್ಷ ವರ್ಜೀನಿಯಾ ಸೋತಿತು. ಐದು ವರ್ಷ ಬಿಟ್ಟು, ಇಷ್ಟೊತ್ತು ಹೇಳಿದ ಪರ್ಡ್ಯೂ ಪಂದ್ಯ.

ನಮ್ಮ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. ಪರ್ಡ್ಯೂ ಕೋಚ್ ಮ್ಯಾಟ್ ಪೇಂಟರ್ 2021ರಲ್ಲಿ 13ನೇ ಸೀಡಿನ ನಾರ್ತ್ ಟೆಕ್ಸಸ್‌ಗೆ ಸೋತಿದ್ದರು. 2022ರಲ್ಲಿ 15ನೇ ಸೀಡಿನ ಸೇಂಟ್ ಪೀಟರ್ಸ್‌ಗೆ. 2023ರಲ್ಲಿ 16ಕ್ಕೆ. ಇನ್ನು ಕೆಳಗೆ ಇಳಿಯೋಕೆ ನಂಬರೇ ಇಲ್ಲ! ಮೂರು ಡೇಟಾ ಪಾಯಿಂಟ್ ಇದ್ದರೆ ಗ್ರಾಫಿನ ಮೇಲೆ ಗೆರೆ ಎಳೆದುಬಿಡೋ ಜನ ನಾವು, ಎಳೆದೆವು. ಆದರೆ ಅದೇ 2023ರಲ್ಲಿ ಪರ್ಡ್ಯೂ ತನ್ನ ಬಿಗ್ ಟೆನ್ ಲೀಗನ್ನೂ ಗೆದ್ದಿತ್ತು, ಆ ಲೀಗಿನ ಟೂರ್ನಿಯನ್ನೂ ಗೆದ್ದಿತ್ತು. ಇಡೀ ಸೀಸನ್ನಿನಲ್ಲಿ 29 ಗೆಲುವು, 6 ಸೋಲು. ಆ ಆರನೇ ಸೋಲೇ ನಮ್ಮ ಕಣ್ಣಿಗೆ ಬಿದ್ದಿದ್ದು. ಸೆಮಿಸ್ಟರ್ ಪೂರ್ತಿ ಚೆನ್ನಾಗಿ ಮಾಡಿ ವೈವಾದಲ್ಲಿ ತಡವರಿಸಿದವನಿಗೆ "ನಿಂಗೆ ಎಂಜಿನಿಯರಿಂಗೇ ಬೇಡ, ಹೋಗು" ಅಂದ ಹಾಗಾಯ್ತು ಇದು.

ಅವತ್ತಿನ ಪಂದ್ಯವನ್ನ ಆಮೇಲೆ ಮತ್ತೆ ಹಾಕಿ ನೋಡಿದ್ವಿ. ಎಡೀ ಸುತ್ತ ಇಬ್ಬರು ಮೂವರು ಮುತ್ತಿಕೊಂಡಿದ್ದರು, ಹೊರಗಿದ್ದವರಿಗೆ ಜಾಗ ಖಾಲಿ ಸಿಗ್ತಿತ್ತು. ಮೂರು ಪಾಯಿಂಟ್ ಗೆರೆಯಾಚೆಯಿಂದ ಪರ್ಡ್ಯೂ 26 ಸಲ ಎಸೆದು 5 ಹಾಕಿತು. ಖಾಲಿ ಸಿಕ್ಕ ಶಾಟು ಬೀಳದಿದ್ದರೆ ಕೋಚ್ ಬೆಂಚಿನಿಂದ ಎದ್ದು ಬಂದು ಹಾಕೋಕಾಗುತ್ತಾ? ಹಾಗಂತ ಅವರ ತಪ್ಪೇ ಇಲ್ಲ ಅಂತಲೂ ಹೇಳಲ್ಲ. ಚುರುಕು ಕೈಗಳ ಎದುರು ಚೆಂಡನ್ನ ದಾಟಿಸೋಕೆ ಅನುಭವಿ ಗಾರ್ಡ್ ಒಬ್ಬರು ಬೇಕಿತ್ತು. ಅಲ್ಲಿದ್ದಿದ್ದು ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್, ಇಬ್ಬರೂ ನಮ್ಮ ಹಾಗೆ ಫಸ್ಟ್ ಇಯರ್ ಹುಡುಗರು.

ಈಗ ಎದುರಿನ ಬೆಂಚಿಗೆ ಬನ್ನಿ. ಫೇರ್ಲಿ ಡಿಕಿನ್ಸನ್ ಕೋಚ್ ಟೋಬಿನ್ ಆಂಡರ್ಸನ್‌ಗೆ ಅದು ಆ ಕಾಲೇಜಿನಲ್ಲಿ ಮೊದಲ ವರ್ಷ. ಡಿವಿಷನ್ ಎರಡರಿಂದ ಬಂದವರು, ಬರುವಾಗ ಕೆಲವು ಆಟಗಾರರನ್ನೂ ಜೊತೆಗೆ ತಂದವರು. ಅವತ್ತು ಇಡೀ ಅಮೆರಿಕ ಅವರನ್ನ ತಲೆ ಮೇಲೆ ಹೊತ್ತುಕೊಂಡಿತು. ಮುಂದಿನ ಪಂದ್ಯದಲ್ಲಿ ಟೀಮು ಸೋತಿತು. ಪರ್ಡ್ಯೂ ಪಂದ್ಯ ಮುಗಿದು ಒಂದು ವಾರ ತುಂಬೋದರೊಳಗೆ ಅವರು ಅಯೋನಾ ಅನ್ನೋ ಕಾಲೇಜಿಗೆ ಹೊರಟುಬಿಟ್ಟಿದ್ದರು. ತಪ್ಪು ಅನ್ನಲ್ಲ, ದೊಡ್ಡ ಕೆಲಸ ಬಂದಾಗ ಯಾರು ಬಿಡ್ತಾರೆ? ಪ್ಲೇಸ್‌ಮೆಂಟ್ ಆಫರ್ ಎರಡು ಕೈಯಲ್ಲಿಟ್ಟುಕೊಂಡು ಓಡಾಡೋ ನಾವು ಆ ಮಾತಾಡೋ ಹಾಗೂ ಇಲ್ಲ. ಆದರೆ ಅಯೋನಾ ಎರಡೇ ಸೀಸನ್ ನೋಡಿ 2025ರಲ್ಲಿ ಅವರನ್ನ ತೆಗೆದುಹಾಕಿತು. ಒಂದು ಪಂದ್ಯ ಗೆದ್ದಿದ್ದಕ್ಕೆ ಕೊಟ್ಟ ಕೆಲಸ ಅಷ್ಟೇ ಬೇಗ ಹೋಯ್ತು.

ಪೇಂಟರ್ ಉಳಿದರು. ಎಡೀ, ಸ್ಮಿತ್, ಲೋಯರ್ ಮೂವರೂ ಉಳಿದರು. ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್ ಅನ್ನೋ ಹಳೇ ಪಳಗಿದ ಗಾರ್ಡ್ ಒಬ್ಬ ಬಂದ. ಮೇಲೆ ಹೇಳಿದ ಓಟೆಯನ್ನ ಮುಚ್ಚಿದ್ದು ಅಷ್ಟೇ, ಬೇರೇನೂ ಕ್ರಾಂತಿ ಇಲ್ಲ. ಮರುವರ್ಷ ಪರ್ಡ್ಯೂ 1980ರ ನಂತರ ಮೊದಲ ಸಲ ಫೈನಲ್ ಫೋರ್ ಸೇರಿ, ಅಲ್ಲಿಂದ ಫೈನಲ್ಲಿಗೂ ಹೋಯ್ತು. ನಮ್ಮ ಕಾಲಮಾನದಲ್ಲಿ ಫೈನಲ್ ಬಿದ್ದಿದ್ದು 2024ರ ಏಪ್ರಿಲ್ 9ರ ಬೆಳಗ್ಗೆ, ಯುಗಾದಿ ದಿನ. ಎಣ್ಣೆ ಸ್ನಾನಕ್ಕೆ ಕರೀತಿದ್ದ ಅಮ್ಮಂದಿರಿಗೆ ಐದು ಊರುಗಳಿಂದ ಒಂದೇ ಉತ್ತರ: "ಹತ್ತು ನಿಮಿಷ ಅಮ್ಮ." ಎಡೀ 37 ಪಾಯಿಂಟ್ ಹಾಕಿದರೂ ಕನೆಕ್ಟಿಕಟ್ 75–60ಕ್ಕೆ ಗೆದ್ದಿತು. ಬೇವು ಮೊದಲು ಸಿಕ್ಕಿತು, ಬೆಲ್ಲ ಆಮೇಲೆ ಮನೆಯವರು ಕೊಟ್ಟರು. ಅವತ್ತು ಗುಂಪಿನಲ್ಲಿ ಯಾರೂ ಕೋಚನ್ನ ಕಳಿಸಿ ಅನ್ನಲಿಲ್ಲ.

ಪೇಂಟರ್ ಪರ್ಡ್ಯೂನಲ್ಲೇ ಆಡಿ ಬೆಳೆದವರು. ಹಿಂದಿನ ಕೋಚ್ ಜೀನ್ ಕೀಡಿ 1980ರಿಂದ 2005ರವರೆಗೆ ಇದ್ದರು. ಅವರ ಕೊನೆಯ ವರ್ಷದಲ್ಲಿ ಪೇಂಟರ್‌ನ ಪಕ್ಕದಲ್ಲಿ ಕೂರಿಸಿಕೊಂಡು, ಮರುವರ್ಷ ಕುರ್ಚಿ ಕೊಟ್ಟಿದ್ದು. ಹೀಗೆ ಕೈಯಿಂದ ಕೈಗೆ ದಾಟಿಸೋದು ಈಗ ಬಹಳ ಕಡಿಮೆ. ಪೇಂಟರ್ ಕಾಲದಲ್ಲೂ 2012–13ರಲ್ಲಿ 16 ಗೆಲುವು 18 ಸೋಲು, ಮರುವರ್ಷ 15 ಗೆಲುವು 17 ಸೋಲು. ಆಗಲೇ ಕಳಿಸಿದ್ದಿದ್ದರೆ ನಮ್ಮ ಆ ಯುಗಾದಿ ಇರ್ತಿರಲಿಲ್ಲ.

ಅದೇ ರಾಜ್ಯದಲ್ಲಿ, ಬ್ಲೂಮಿಂಗ್ಟನ್ನಿನಲ್ಲಿ, ಇಂಡಿಯಾನಾ ಯೂನಿವರ್ಸಿಟಿ ಇದೆ. ಮೂರು ಸಲ ಚಾಂಪಿಯನ್ ಮಾಡಿಸಿದ್ದ ಬಾಬ್ ನೈಟ್‌ನ 2000ದಲ್ಲಿ ತೆಗೆದರು. ಅದು ಅವರ ನಡವಳಿಕೆಗೆ ಸಂಬಂಧಪಟ್ಟಿದ್ದು, ಆಗಲೇಬೇಕಿತ್ತು ಅಂತಲೇ ನಮ್ಮ ಅಭಿಪ್ರಾಯ. ಗೆದ್ದು ಕೊಡ್ತಾರೆ ಅಂತ ಹುಡುಗರ ಮೇಲೆ ಕೈ ಮಾಡೋರನ್ನ ಸಹಿಸೋದು ಬೇಡ. ಪ್ರಶ್ನೆ ಇರೋದು ಆಮೇಲಿನ ಕತೆಯಲ್ಲಿ. ಡೇವಿಸ್, ಸ್ಯಾಂಪ್ಸನ್, ಕ್ರೀನ್, ಮಿಲ್ಲರ್, ವುಡ್ಸನ್, 2025ರಲ್ಲಿ ಡೆವ್ರೀಸ್. ನಡುವೆ ಬಂದ ಹಂಗಾಮಿಯನ್ನ ಬಿಟ್ಟರೂ ಆರು ಜನ. ಕ್ರೀನ್ 2016ರಲ್ಲಿ ಬಿಗ್ ಟೆನ್ ಗೆದ್ದುಕೊಟ್ಟು 2017ರಲ್ಲಿ ಮನೆಗೆ ಹೋದರು! 2021ರಲ್ಲಿ ಆರ್ಚಿ ಮಿಲ್ಲರ್‌ನ ಕಳಿಸೋಕೆ ಕೊಡಬೇಕಾಗಿದ್ದು 10 ಮಿಲಿಯನ್ ಡಾಲರ್‌ಗೂ ಮೇಲೆ. ಆಗಿನ ಲೆಕ್ಕದಲ್ಲಿ 70 ಕೋಟಿ ರೂಪಾಯಿ ದಾಟುತ್ತೆ. ಕೆಲಸ ಮಾಡೋಕಲ್ಲ, ಮಾಡದೆ ಇರೋಕೆ! ದುಡ್ಡು ದಾನಿಗಳದ್ದು ಅಂತಾರೆ, ಇರಲಿ. ಅಷ್ಟರಲ್ಲಿ ಒಂದು ಲ್ಯಾಬಲ್ಲ, ಒಂದು ಹೊಸ ಬ್ಲಾಕೇ ಏಳುತ್ತೆ.

ಕೋಚನ್ನ ಬದಲಾಯಿಸಲೇಬಾರದು ಅಂತ ನಾವು ಹೇಳ್ತಿಲ್ಲ. ಮಿಶಿಗನ್ ನೋಡಿ. 2023–24ರಲ್ಲಿ 8 ಗೆಲುವು, 24 ಸೋಲು. ಯುವಾನ್ ಹೋವರ್ಡ್‌ನ ತೆಗೆದು ಡಸ್ಟಿ ಮೇ ಅವರನ್ನ ತಂದರು, ಮರುವರ್ಷ 27 ಗೆಲುವು, 10 ಸೋಲು. ಈ ಮೇ ಯಾರು ಅಂದ್ಕೊಂಡ್ರಿ? ಬಾಬ್ ನೈಟ್ ಟೀಮಿಗೆ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದವರು. ಫ್ಲಾರಿಡಾ ಅಟ್ಲಾಂಟಿಕ್ ಟೀಮನ್ನ ಫೈನಲ್ ಫೋರ್‌ಗೆ ಒಯ್ದವರು, ಆ ದಾರಿಯಲ್ಲಿ ಫೇರ್ಲಿ ಡಿಕಿನ್ಸನ್‌ನ ಸೋಲಿಸಿದವರೂ ಅವರೇ. ಹಾಗೆ ಗೆದ್ದ ಬೇಸಿಗೆಯಲ್ಲಿ ಅವರು ಎಲ್ಲಿಗೂ ಓಡಲಿಲ್ಲ, ಇನ್ನೊಂದು ವರ್ಷ ಅಲ್ಲೇ ಇದ್ದು ಆಮೇಲೆ ಹೊರಟರು. ನಮ್ಮ ವಾದ ಇಷ್ಟೇ: 32 ಪಂದ್ಯ ನೋಡಿ ತೆಗೀರಿ, ಒಂದು ರಾತ್ರಿ ನೋಡಿ ಬೇಡ. ಲೀಗಿನ 20 ಪಂದ್ಯ ಸತ್ಯಕ್ಕೆ ಹತ್ತಿರ. ಮಾರ್ಚ್ ಟೂರ್ನಿ ನೋಡೋಕೆ ರೋಮಾಂಚನ, ಅಳತೆಗೋಲಾಗಿ ದಂಡ.

ವರ್ಜೀನಿಯಾದವರಿಗೆ ಇದು ಮೊದಲೇ ಗೊತ್ತಿತ್ತು. 2018ರಲ್ಲಿ ಯುಎಂಬಿಸಿಗೆ 74–54ಕ್ಕೆ ಸೋತರು, ಇಪ್ಪತ್ತು ಪಾಯಿಂಟ್ ಅಂತರ. ಕೋಚ್ ಟೋನಿ ಬೆನೆಟ್‌ನ ಉಳಿಸಿಕೊಂಡರು. ಮರುವರ್ಷವೇ ಚಾಂಪಿಯನ್. ಮುಂದೆ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಶುರುವಾಗೋಕೆ ಮೂರೇ ವಾರ ಇದ್ದಾಗ, ಬೆನೆಟ್ ತಾವಾಗಿಯೇ ನಿವೃತ್ತಿ ತಗೊಂಡರು. ಈಗಿನ ಕಾಲೇಜು ಆಟದ ದುಡ್ಡಿನ ವ್ಯವಹಾರಕ್ಕೆ ತಾವು ಹೊಂದುವವರಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಮಾತು ಪ್ರಾಮಾಣಿಕ, ಸಮಯ ಸರಿ ಇರಲಿಲ್ಲ. ಅವರನ್ನ ನಂಬಿ ಬಂದ ಹುಡುಗರು ಮೂರು ವಾರದಲ್ಲಿ ಎಲ್ಲಿಗೆ ಹೋಗಬೇಕು? 2025ರಲ್ಲಿ ಆ ಕುರ್ಚಿಗೆ ಬಂದವರು ರಯಾನ್ ಓಡಮ್. 2018ರಲ್ಲಿ ಯುಎಂಬಿಸಿ ಕೋಚ್ ಆಗಿ ವರ್ಜೀನಿಯಾದ ಮಾನ ಕಳೆದವರು ಇವರೇ.

ಹುಡುಗರ ಮಾತು ಬಂತಲ್ಲ. ಮೊದಲೆಲ್ಲ ಡಿವಿಷನ್ ಒಂದರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರ ಕಾಲೇಜು ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಮಾತ್ರ ಇವತ್ತು ಬಿಟ್ಟು ನಾಳೆ ಬೇರೆ ಟೀಮಿನ ಬೆಂಚಿನಲ್ಲಿ ಕೂರಬಹುದಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಈ ನಿಯಮ ಸಡಿಲಾಯ್ತು, 2024ರಲ್ಲಿ ಓದಿನ ಷರತ್ತೊಂದನ್ನ ಉಳಿಸಿ ಪೂರ್ತಿ ತೆಗೆದರು. ಈಗ ಕೋಚ್ ಹೊರಟರೆ ಅರ್ಧ ಟೀಮು ಹಿಂದೆ ಹೊರಡುತ್ತೆ. ಬೆನ್ ಮೆಕಾಲಮ್ ನಾರ್ತ್‌ವೆಸ್ಟ್ ಮಿಸೌರಿ ಸ್ಟೇಟ್‌ನಿಂದ ಡ್ರೇಕ್‌ಗೆ, ಒಂದೇ ವರ್ಷಕ್ಕೆ ಡ್ರೇಕ್‌ನಿಂದ ಅಯೋವಾಗೆ ಹೋದಾಗ, ಬೆನೆಟ್ ಸ್ಟರ್ಟ್ಜ್ ಎರಡೂ ಸಲ ಅವರ ಜೊತೆಗೇ ಬ್ಯಾಗು ಕಟ್ಟಿದ. ಇದನ್ನ ನೋಡಿ "ಈಗಿನ ಹುಡುಗರಿಗೆ ನಿಷ್ಠೆಯೇ ಇಲ್ಲ" ಅಂತ ಗೊಣಗೋ ಹಿರಿಯ ಫ್ಯಾನುಗಳು ಅಲ್ಲಿ ಬಹಳ. ನಮಗೆ ಸಿಟ್ಟು ಬರೋದು ಈ ಮಾತಿಗೆ. ಸೇಂಟ್ ಪೀಟರ್ಸ್ ಹುಡುಗರು 2022ರಲ್ಲಿ ಕೊನೆಯ ಎಂಟರವರೆಗೆ ಹೋದರು, ಕೂಡಲೇ ಅವರ ಕೋಚ್ ಶಹೀನ್ ಹಾಲೊವೇ ತಾವು ಓದಿದ ಸೀಟನ್ ಹಾಲ್‌ಗೆ ಹೊರಟರು. ಆಮೇಲೆ ತಾನೇ ಹುಡುಗರೂ ದಿಕ್ಕಿಗೊಬ್ಬರಾಗಿದ್ದು? ಬಾಗಿಲು ಮೊದಲು ತೆಗೆದವರು ಯಾರು ಅಂತ ನೋಡಬೇಕು.

ಇದು ನಮಗೆ ಯಾಕೆ ಚುಚ್ಚುತ್ತೆ ಅಂದರೆ, ನಮ್ಮಲ್ಲಿ ಇಬ್ಬರು ಕಾಲೇಜು ಟೀಮಿನಲ್ಲಿ ಆಡ್ತಾರೆ. ನಾಲ್ಕು ವರ್ಷಕ್ಕೆ ಮೂರು ಜನ ಕೋಚಿಂಗ್‌ಗೆ ಬಂದರು, ಎಲ್ಲರೂ ಗುತ್ತಿಗೆ ಮೇಲೆ. ಎರಡನೆಯವರಿಗೆ ಯಾರ ಮೊಣಕಾಲು ನೋಯುತ್ತೆ, ಯಾರು ಎಡಗೈಯಲ್ಲಿ ಲೇಅಪ್ ತಪ್ಪಿಸ್ತಾನೆ ಅನ್ನೋದೆಲ್ಲ ಬಾಯಿಪಾಠ ಆಗಿತ್ತು. ಜೋನಲ್ಸ್‌ಗೆ ಹದಿನೈದು ದಿನ ಇದ್ದಾಗ ಒಂದು ಸಂಜೆ ಅವರು ಬರಲಿಲ್ಲ, ವಿಚಾರಿಸಿದಾಗ ಗುತ್ತಿಗೆ ಮುಗಿದಿದೆ ಅಂದರು. ಹೊಸಬರು ಒಳ್ಳೆಯವರೇ. ಮೊದಲ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು, ಬ್ರಾಂಚು, ಪೊಸಿಷನ್ ಬರ್ಕೊಂಡರು. ಮೊದಲ ಸುತ್ತಿನಲ್ಲೇ ಸೋತು ಬಂದ್ವಿ. "ಕೋಚಿಂದಾನೇ ಸೋತಿದ್ದು" ಅಂತ ಕ್ಯಾಂಟೀನಿನಲ್ಲಿ ಯಾರೋ ಅಂದರು. ಇಬ್ಬರೂ ಕೇಳಿಸಿಕೊಂಡು ಟೀ ಕುಡಿದು ಎದ್ದು ಬಂದರು.

ಮುಂದಿನ ಮಾರ್ಚ್‌ಗೆ ನಾವು ಎಲ್ಲೆಲ್ಲಿ ಇರ್ತೀವೋ, ಗುಂಪು ಮಾತ್ರ ಇರುತ್ತೆ. ಜೂನಿಯರ್ಸ್ ಯಾರಾದರೂ ಸೇರೋದಾದರೆ ಹೇಳಿ, ಲ್ಯಾಪ್‌ಟಾಪೂ ಕಂಬಳಿಯೂ ನೀವೇ ಹೊಂಚಿಕೊಳ್ಳಬೇಕು. ಗುಂಪಿಗೆ ಇರೋದು ಒಂದೇ ರೂಲು: ಪಂದ್ಯ ಮುಗಿದು ಇಪ್ಪತ್ನಾಲ್ಕು ಗಂಟೆ ಆಗೋವರೆಗೆ ಕೋಚ್ ಹೆಸರು ಯಾರೂ ಎತ್ತೋ ಹಾಗಿಲ್ಲ. ಎತ್ತಿದವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ಇಲ್ಲಿವರೆಗೆ ನಾಲ್ಕು ಸಲ ತಿಂದಿದ್ದೀವಿ.