ತುಕ್ಕು ಅಳಿದರೆ ಸಾಕೇ, ಸತ್ವ ಉಳಿಯಬೇಡವೇ?

ಹಳೆಯದನ್ನು ಕಾಪಾಡುವುದು ಬೇರೆ, ಹಳೆಯದೆಂಬ ಮೋಹದಿಂದ ನಿಸ್ಸತ್ವವಾದುದನ್ನು ಹೊತ್ತು ತಿರುಗುವುದು ಬೇರೆ. ಮೊದಲನೆಯದು ಜೀರ್ಣೋದ್ಧಾರ, ಎರಡನೆಯದು ಭ್ರಮೆ. ಈ ಭೇದವನ್ನು ಅರಿಯದೆ ಕೈಹಾಕಿದ ಕೆಲಸವು ಎಷ್ಟು ಶ್ರದ್ಧೆಯಿಂದ ಕೂಡಿದ್ದರೂ ಫಲಿಸದು. ಹಳೆಯ ಸ್ಪೋರ್ಟ್ಸ್ ಕಾರುಗಳ ತುಕ್ಕು ಹಿಡಿದ ಕ್ಲಚ್ಚನ್ನು ದುರಸ್ತಿಗೊಳಿಸುವ ಕಾರ್ಯವೇ ಇದಕ್ಕೆ ಒಳ್ಳೆಯ ನಿದರ್ಶನ.

ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರುಗಳ ಸಂಖ್ಯೆ 5 ಲಕ್ಷವನ್ನು ಮೀರುತ್ತದೆ. ಅವುಗಳಲ್ಲಿ ಎಷ್ಟೋ ಕಾರುಗಳು ತೇವ ತುಂಬಿದ ಕೊಟ್ಟಿಗೆಗಳಲ್ಲಿ ವರ್ಷಗಟ್ಟಲೆ ನಿಂತು ತುಕ್ಕಿಗೆ ತುತ್ತಾದವು. ಹಾಗೆ ನಿಂತ ಕಾರನ್ನು ಮತ್ತೆ ಎಬ್ಬಿಸಹೊರಟವರಿಗೆ ಮೊದಲು ಎದುರಾಗುವ ತೊಡಕುಗಳಲ್ಲಿ ಕ್ಲಚ್ ಒಂದು. ಪೆಡಲ್ ಒತ್ತಿದರೂ ಅದು ಬಿಡುವುದಿಲ್ಲ.

ಕ್ಲಚ್ಚಿನ ಧರ್ಮವಾದರೂ ಏನು? ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೇಕಾದಾಗ ಬೆಸುಗೆ, ಬೇಡವಾದಾಗ ಅಗಲಿಕೆ. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟುಗಳ ನಡುವೆ ಕ್ಲಚ್ ಪ್ಲೇಟು ಬಿಗಿದಿರುತ್ತದೆ. ಪೆಡಲ್ ಒತ್ತಿದಾಗ ಡಯಾಫ್ರಾಮ್ ಸ್ಪ್ರಿಂಗಿನ ಹಿಡಿತ ಸಡಿಲಗೊಂಡು ಅದು ಬಿಡುಗಡೆ ಹೊಂದುತ್ತದೆ. ಬಹುಕಾಲ ಚಲನೆಯಿಲ್ಲದೆ ನಿಂತಾಗ ಗಾಳಿಯ ತೇವದಿಂದ ಕಬ್ಬಿಣದ ಮೈ ತುಕ್ಕು ಹಿಡಿದು, ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಇದು ಹೊರಗಿನ ತುಕ್ಕು. ಒಳಗಿನದು ಇನ್ನೂ ಸೂಕ್ಷ್ಮವಾದುದು. ಮಾಸ್ಟರ್ ಸಿಲಿಂಡರ್ ಮತ್ತು ಸ್ಲೇವ್ ಸಿಲಿಂಡರುಗಳಲ್ಲಿರುವ ದ್ರವವು ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ಕಾಲಕಾಲಕ್ಕೆ ಬದಲಿಸದಿದ್ದರೆ ಸಿಲಿಂಡರಿನ ಒಳಮೈಯನ್ನೇ ತಿನ್ನತೊಡಗುತ್ತದೆ.

ಕೆಲವರು ಕಾರನ್ನು ಗೇರಿನಲ್ಲಿಟ್ಟು, ಪೆಡಲ್ ಒತ್ತಿ, ಎಂಜಿನ್ ಚಾಲೂ ಮಾಡಿ, ಜಗ್ಗಿಸಿ ಕ್ಲಚ್ಚನ್ನು ಬಿಡಿಸುತ್ತಾರೆ. ಬಿಟ್ಟಿತೆಂದು ಸಂತೋಷಪಡುತ್ತಾರೆ. ಆದರೆ ಅಂಟು ಬಿಟ್ಟಿತೇ ಹೊರತು ತುಕ್ಕು ಹೋಗಲಿಲ್ಲ. ಹರಿದ ಲೈನಿಂಗಿನ ಚೂರುಗಳು ಒಳಗೇ ಉಳಿದಿರಬಹುದು. ಲಕ್ಷಣ ಮಾಯವಾದುದನ್ನು ರೋಗ ವಾಸಿಯಾಯಿತೆಂದು ತಿಳಿಯುವುದು ವಿವೇಕವಲ್ಲ. ಬಿಚ್ಚಿ ನೋಡುವುದೊಂದೇ ಸರಿಯಾದ ದಾರಿ.

ಬಿಚ್ಚಿದ ಮೇಲೆ ಬೇಕಾದುದು ವಿವೇಚನೆ. ಮೇಲ್ಮೈಗೆ ಮಾತ್ರ ತುಕ್ಕು ಹಿಡಿದ ರಿಲೀಸ್ ಫೋರ್ಕ್, ಪೆಡಲ್ ಮತ್ತು ಅದರ ಚೌಕಟ್ಟು ನಿಶ್ಚಯವಾಗಿ ಉಳಿಸತಕ್ಕವು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿಟ್ಟು ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ತು ಹಾಯಿಸಿದರೆ ಗಟ್ಟಿ ಕಬ್ಬಿಣಕ್ಕೆ ಹಾನಿಯಾಗದೆ ತುಕ್ಕು ಬಿಡುತ್ತದೆ. ಆಗ ಜಲಜನಕ ಹೊಮ್ಮುವುದರಿಂದ ಗಾಳಿಯಾಡುವ ಸ್ಥಳವೇ ಬೇಕು, ಕಿಡಿ ಸಲ್ಲದು. ಗೇರ್‌ಬಾಕ್ಸಿನ ಶಾಫ್ಟಿನ ಗೀರುಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿ ಶುದ್ಧಗೊಳಿಸಬೇಕು. ಅಲ್ಲಿ ಪ್ಲೇಟು ಸರಾಗವಾಗಿ ಜಾರದಿದ್ದರೆ ಉಳಿದೆಲ್ಲವೂ ಹೊಸದಾಗಿದ್ದರೂ ಕ್ಲಚ್ ಪೂರ್ತಿ ಬಿಡದು. ಫ್ಲೈವೀಲಿನ ತೆಳು ತುಕ್ಕು ಮರಳುಕಾಗದಕ್ಕೆ ಹೋಗುತ್ತದೆ. ಕುಳಿ ಬಿದ್ದಿದ್ದರೆ ಯಂತ್ರದಲ್ಲಿ ಸಮತಟ್ಟುಗೊಳಿಸಬೇಕು. ಬಿರುಕು ಕಂಡರೆ ಮಾತ್ರ ಅದನ್ನು ತ್ಯಜಿಸುವುದೇ ಸರಿ.

ಡಯಾಫ್ರಾಮ್ ಸ್ಪ್ರಿಂಗಿನ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ತುಕ್ಕಿನ ಕುಳಿಯೊಂದೊಂದೂ ಬಿರುಕಿಗೆ ಮೂಲ. ಅದನ್ನು ಆಮ್ಲದಲ್ಲಿ ನೆನೆಸಿ ಹೊಳಪು ಬರಿಸುವವರು ಇನ್ನೂ ದೊಡ್ಡ ಅಪಾಯವನ್ನು ಆಹ್ವಾನಿಸುತ್ತಾರೆ. ಆ ಕ್ರಿಯೆಯಲ್ಲಿ ಹುಟ್ಟುವ ಜಲಜನಕವು ಗಡಸು ಉಕ್ಕಿನೊಳಗೆ ಸೇರಿ ಅದನ್ನು ಭಿದುರಗೊಳಿಸುತ್ತದೆ. ಹೊರಗೆ ಬೆಳ್ಳಿಯಂತೆ ಹೊಳೆಯುವ ಸ್ಪ್ರಿಂಗು ಒಳಗೆ ಮುರಿಯಲು ಸಿದ್ಧವಾಗಿರುತ್ತದೆ. ಸೋಡಾ ನೀರಿನ ವಿದ್ಯುತ್ ವಿಧಾನವೂ ಈ ಕಾರಣದಿಂದ ಸ್ಪ್ರಿಂಗಿಗೆ ಸಲ್ಲದು. ಹಳೆಯ ಕ್ಲಚ್ ಪ್ಲೇಟಿಗಂತೂ ಪುನರ್ಜನ್ಮವಿಲ್ಲ. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ ಅದರ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕಾರು ಉಳಿಸಹೋಗಿ ಶ್ವಾಸಕೋಶ ಕಳೆದುಕೊಳ್ಳುವುದು ಯಾವ ಲಾಭ?

ಕಾರ್ಖಾನೆಯಿಂದ ಬಂದ ಮೂಲಭಾಗಗಳೇ ಇರಬೇಕು, ಹೊಸದು ಸೇರಿದರೆ ಕಾರಿನ ಪಾವಿತ್ರ್ಯ ಕೆಡುತ್ತದೆ ಎಂಬ ವಾದವೊಂದಿದೆ. ಈ ನಿಷ್ಠೆ ಗೌರವಾರ್ಹವೇ. ಆದರೆ ಸವೆಯಲೆಂದೇ ನಿರ್ಮಿತವಾದ ಭಾಗವನ್ನು ಬದಲಿಸುವುದು ನಿರ್ಮಿಸಿದವರ ಸಂಕಲ್ಪಕ್ಕೆ ವಿರುದ್ಧವಲ್ಲ, ಅನುಗುಣ. ಮೂಲ ಸಿಲಿಂಡರಿನ ಎರಕದ ಮೈಯನ್ನು ಉಳಿಸಿಕೊಂಡು, ತುಕ್ಕು ತಿಂದ ಒಳಮೈಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಕೂರಿಸುವ ಮಧ್ಯಮ ಮಾರ್ಗವೂ ಉಂಟು. ಮೇಲಾಗಿ ಎಂ.ಜಿ.ಬಿ.ಯ ಕ್ಲಚ್ಚನ್ನು ತಲುಪಬೇಕಾದರೆ ಎಂಜಿನ್ನನ್ನೇ ಹೊರತೆಗೆಯಬೇಕು. ಒಂದು ಪ್ಲೇಟಿನ ಬೆಲೆಯನ್ನು ಉಳಿಸಹೋದವನು ಆ ಶ್ರಮವನ್ನೆಲ್ಲ ಮತ್ತೊಮ್ಮೆ ಪಡಬೇಕಾದೀತು. ಇದು ಮಿತವ್ಯಯವಲ್ಲ, ಲೋಭ.

ಇನ್ನು, ಕುಳಿಬಿದ್ದ ಭಾಗಕ್ಕೆ ಬಣ್ಣ ಬಳಿದು ಜೀರ್ಣೋದ್ಧಾರವಾಯಿತೆಂದು ಮಾರುವವರ ಮಾತು ಬೇರೆ. ಗೇರ್‌ಬಾಕ್ಸಿನ ಹೊದಿಕೆಯೊಳಗೆ ಅಡಗಿದುದನ್ನು ಕೊಳ್ಳುವವನು ಕಾಣಲಾರ. ಕಾಣದ ಕಡೆಯಲ್ಲಿ ಮಾಡಿದ ಕೆಲಸವೇ ಕುಶಲಿಯ ಪ್ರಾಮಾಣಿಕತೆಗೆ ಒರೆಗಲ್ಲು. ಅಲ್ಲಿ ಮಾಡಿದ ಮೋಸವು ಇಳಿಜಾರಿನ ರಸ್ತೆಯಲ್ಲಿಯೋ ವಾಹನದಟ್ಟಣೆಯ ನಡುವೆಯೋ ಬಯಲಾಗುತ್ತದೆ, ಅದರ ಫಲವನ್ನು ಅನುಭವಿಸುವವನು ಮಾತ್ರ ನಿರಪರಾಧಿ.

ಆದುದರಿಂದ ಬಿಡಿಭಾಗದ ಯೋಗ್ಯತೆಯನ್ನು ಅದರ ಕಾಯಕದಿಂದ ಅಳೆಯಬೇಕೇ ಹೊರತು ವಯಸ್ಸಿನಿಂದಲ್ಲ, ಹೊಳಪಿನಿಂದಲೂ ಅಲ್ಲ. ಉಳಿಸತಕ್ಕುದನ್ನು ತಾಳ್ಮೆಯಿಂದ ಉಳಿಸಿ, ಬಿಡತಕ್ಕುದನ್ನು ಮೋಹವಿಲ್ಲದೆ ಬಿಡುವವನೇ ನಿಜವಾದ ಜೀರ್ಣೋದ್ಧಾರಕ.